ಮೇಲೆ ಬಂಗಿ, ಬುಡದಲ್ಲಿ ಗುಳಿಗ

ನಮ್ಮ ಯಜಮಾನ್ರಿಗೆ ನೆಲದ ಮೇಲೆ ಏನನ್ನೂ ನೆಟ್ಟಗೆ ಬೆಳೆಯೋಕೆ ಬರುತ್ತಿರಲಿಲ್ಲ. ಮನೆ ಹಿಂದೆ ಎರಡು ಮೆಣಸಿನ ಗಿಡ ಹಾಕಿ ಅಂದರೆ ಅವೂ ಸೊರಗಿ ಸಾಯೋವು. ಅಂಥವರು ಅತ್ತಿಮರದ ತುದಿ ಕವಲಿನಲ್ಲಿ ಬಂಗಿ ಗಿಡ, ಅದೇ ಗಾಂಜಾ, ಬೆಳೆಸಿದರು, ಅದೂ ಸೊಂಪಾಗಿ. ಏನು ಹೇಳೋದು ಇಂಥವರಿಗೆ!

ಕೊಡಗು ಆಗಿನ್ನೂ ಮೈಸೂರಿಗೆ ಸೇರಿರಲಿಲ್ಲ, ತನ್ನ ಪಾಡಿಗೆ ತಾನೇ ಒಂದು ರಾಜ್ಯವಾಗಿತ್ತು. ನಾವು ಸುಂಟಿಕೊಪ್ಪದಿಂದ ಎರಡು ಮೈಲಿ ಒಳಗೆ ಒಂದು ಕಾಫಿ ಎಸ್ಟೇಟಿನ ಲೈನಿನಲ್ಲಿದ್ದೆವು. ಲೈನ್ ಅಂದರೆ ಒಂದೇ ಸೂರಿನಡಿ ಸಾಲಾಗಿ ಹತ್ತು ಮನೆ. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಹತ್ತು ಮನೆಯಲ್ಲೂ ಸೀನು. ನಮ್ಮವರು ಹಾಸನದ ಕಡೆಯಿಂದ ಬಂದವರು. ಪಕ್ಕದ ಮನೆಯಾಕೆ ತುಳುವಿನವಳು, ಅದರಾಚೆ ಮಲೆಯಾಳದವರು, ಕೊನೇ ಮನೆ ತಮಿಳರದು. ಒಟ್ಟಿಗೆ ಕೂತರೆ ಎಲ್ಲರಿಗೂ ಕನ್ನಡ, ಜಗಳಕ್ಕೆ ನಿಂತರೆ ಅವರವರ ಭಾಷೆ.

ನಮ್ಮ ಮನೆಯಲ್ಲಿ ನಾಲ್ಕು ಜನ. ನಾನು, ಇವರು, ನಮ್ಮತ್ತೆ, ಎರಡೂವರೆ ವರ್ಷದ ನನ್ನ ಮಗಳು. ನನ್ನದು ಆಗಲೂ ಬಾಯಿ ಜೋರು. ಅತ್ತೆ ಹಿಟ್ಟು ಗಟ್ಟಿಗೆ ಕೂಡಿಸು ಅಂದರೆ ತೆಳ್ಳಗೆ ಮಾಡೋದು, ಸೌದೆ ಉಳಿಸು ಅಂದರೆ ಇನ್ನೊಂದು ಕೊಳ್ಳಿ ತುರುಕೋದು. "ಇವಳನ್ನ ತಂದು ನನ್ನ ಹಣೇಲಿ ಬರ್‍ಕೊಂಡೆ" ಅಂತ ಅವರು ಲೈನಿಗೆಲ್ಲ ಕೇಳೋ ಹಾಗೆ ಅನ್ನೋರು. ಅಷ್ಟೇ ಜೋರಾಗಿ ನಾನೂ ಒಳಗಿಂದ ಉತ್ತರ ಕೊಡುತ್ತಿದ್ದೆ. ದ್ವೇಷವೇನಲ್ಲ. ಇಬ್ಬರಿಗೂ ಅದೊಂದು ಅಭ್ಯಾಸ.

ಇವರ ಕೆಲಸ ಮರ ಕಪಾತು. ಕಾಫಿಗೆ ನೆರಳು ಜಾಸ್ತಿಯಾದರೆ ಫಸಲು ಬರೋದಿಲ್ಲ, ಅದಕ್ಕೆ ಮರ ಹತ್ತಿ ಕೊಂಬೆ ಕಡಿಯಬೇಕು. ದಿನವಿಡೀ ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮರದಿಂದ ಮರಕ್ಕೆ. ಸಂಜೆ ಇಳಿದು ಬಂದಾಗ ತೊಡೆ, ರಟ್ಟೆ ಎಲ್ಲ ನಡುಗುತ್ತಿರೋದು. ಮರ ಹತ್ತುವ ಆಳುಗಳೆಲ್ಲ ಎರಡು ದಮ್ಮು ಬಂಗಿ ಎಳೆದೇ ಮೈನೋವು ಮರೆಯುತ್ತಿದ್ದರು. ಅಪ್ಪಣೆ ಇಲ್ಲದೆ ಗಿಡ ಬೆಳೆಸಿದರೆ ಮಾತ್ರ ಜೈಲು. ಒಂದು ವರ್ಷ ಇವರು ತೋಟದೊಳಗೆ ಹಳ್ಳದ ಬದಿಯಲ್ಲಿ ಗಿಡ ಹಾಕಿದ್ದರು. ಅಬಕಾರಿಯವರು ಬಂದು ಕಿತ್ತುಹಾಕಿದರು. ಯಾರದು ಅಂತ ಗೊತ್ತಾಗಲಿಲ್ಲ, ಪುಣ್ಯ. ಎಂಟು ದಿನ ಇವರಿಗೆ ಅನ್ನ ಸೇರಲಿಲ್ಲ.

ಒಂಬತ್ತನೇ ದಿನ ಊಟಕ್ಕೆ ಕೂತವರು, "ಅಬಕಾರಿಯವರು ನೆಲ ನೋಡ್ಕೊಂಡು ನಡೀತಾರೆ ಕಣೇ, ತಲೆ ಎತ್ತಿ ನೋಡೋದಿಲ್ಲ" ಅಂದರು.

"ನೀವೊಬ್ರು ತಲೆ ಎತ್ಕೊಂಡು ಓಡಾಡಿ, ಸಾಕು" ಅಂದೆ.

ಮುಂದಿನ ವರ್ಷ ಗೌರಿ ಹಬ್ಬ ಕಳೆದು ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಗೋಣಿ ತುಂಡಿನಲ್ಲಿ ಕೊಳೆತ ತರಗು, ಮಣ್ಣು ಕಟ್ಟಿಕೊಂಡು ಮೇಲೆ ಹೋದರು. ತೋಟದ ಮೂಲೆಯ ದೊಡ್ಡ ಅತ್ತಿಮರ. ಮೂರು ಕವಲಿಗೆ ಮೂರು ಗೋಣಿ. ಕೆಳಗಿಂದ ನೋಡಿದರೆ ಮಂಗ ಕೂತ ಹಾಗೆ ಒಂದು ಕಪ್ಪು ಕಾಣುತ್ತಿತ್ತು, ಅದೂ ಗೊತ್ತಿದ್ದವರಿಗೆ. ಬಿಸಿಲು ಬಿದ್ದ ಮೇಲೆ ಬಿದಿರಿನ ಅಂಡೆಯಲ್ಲಿ ನೀರು ಹೊತ್ತು ಹತ್ತೋರು. ಮಗುವಿಗೆ ಒಂದು ದಿನ ಸ್ನಾನಕ್ಕೆ ನೀರು ತಂದವರಲ್ಲ!

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಅಷ್ಟರಲ್ಲಿ ಮೇಸ್ತ್ರಿ ಬಂದು, ಆ ಮೂಲೆಯಲ್ಲಿ ನೆರಳು ವಿಪರೀತ, ಕಾಫಿ ಹಣ್ಣಿನ ಕೊಯ್ಲಿಗೆ ಮುಂಚೆ ಅತ್ತಿಮರ ಸವರಿಸಬೇಕು, ನಾಡಿದ್ದು ಇಬ್ಬರನ್ನು ಹತ್ತಿಸ್ತೀನಿ ಅಂದ. ಆ ಇಬ್ಬರಲ್ಲಿ ಇವರಿರಲಿಲ್ಲ.

ಇವರ ಮುಖ ಬಿಳಚಿಕೊಂಡಿತು. ಆಮೇಲೆ ಉಪಾಯ ಹೊಳೆದದ್ದೂ ಇವರಿಗೇ. ಕೊಡಗಿನಲ್ಲಿ ಯಾವ ಎಸ್ಟೇಟಿಗೆ ಹೋದರೂ ಒಂದಲ್ಲ ಒಂದು ಮರದ ಬುಡದಲ್ಲಿ ಕಲ್ಲು ಇರುತ್ತದೆ, ಕುಂಕುಮ ಹಚ್ಚಿರುತ್ತದೆ. ಆ ಮರಕ್ಕೆ ಯಾರೂ ಕತ್ತಿ ತಾಗಿಸುವುದಿಲ್ಲ. ಎಸ್ಟೇಟಿನ ದೊರೆಯೇ ಬಂದು ಹೇಳಿದರೂ ಆಳು ಹತ್ತುವುದಿಲ್ಲ. ಹಳ್ಳದಲ್ಲಿ ಬಟ್ಟೆ ಒಗೆಯಲು ಹೋದಾಗ ಕಲ್ಲು ಆರಿಸಿದ್ದು ನಾನೇ. ಉದ್ದುದ್ದಕ್ಕಿತ್ತು, ತಲೆ ಗುಂಡಗೆ. ಒದ್ದೆ ಬಟ್ಟೆಯ ಬುಟ್ಟಿಯೊಳಗೆ ಹೊತ್ತು ತಂದೆ. ಇವರು ನೆಟ್ಟರು, ನಾನು ಅರಿಶಿನ ಕುಂಕುಮ ಮೆತ್ತಿ ಎರಡು ಹೂವಿಟ್ಟೆ. ನಗು ಬಂತು ನನಗೆ. "ನಗ್ಬೇಡ್ವೇ, ದೇವರು" ಅಂತ ಇವರೂ ನಕ್ಕರು.

ಅಪ್ಪ ಕನಸಲ್ಲಿ ಬಂದು ಹೇಳಿದ, ಆ ಮರದಲ್ಲಿ ದೇವರಿದೆ ಅಂತ, ಅದಕ್ಕೆ ಕಲ್ಲಿಟ್ಟೆ ಅಂದರು ಇವರು, ಲೈನಿನವರ ಮುಂದೆ. ಯಾವ ದೇವರು ಅಂತ ನಾವು ಹೇಳಲೇ ಇಲ್ಲ. ಪಕ್ಕದ ತುಳುವಿನಾಕೆ ನೋಡಿ, "ಅಯ್ಯೋ, ಇದು ಗುಳಿಗ" ಅಂತ ಕೈಮುಗಿದಳು. ಮಲೆಯಾಳದವರು ಕುಟ್ಟಿಚಾತನ್ ಅಂದರು. ನಮ್ಮ ಕಡೆಯವರೊಬ್ಬರು ಚೌಡಿ ಅಂದರು. ಕೊನೆಗೆ ಗುಳಿಗನೇ ನಿಂತ. ಮೇಸ್ತ್ರಿ ಬಂದು ದೂರದಲ್ಲೇ ಚಪ್ಪಲಿ ಬಿಟ್ಟು ನೋಡಿ, ಈ ಮರ ಬಿಟ್ಟುಬಿಡ್ರೋ ಅಂತ ಹೇಳಿ ಹೋದ.

ಹಬ್ಬಿತು ನೋಡಿ ಅದು! ಯಾರದೋ ಕೋಳಿ ಕಳೆದಿತ್ತು, ಹರಕೆ ಹೇಳಿಕೊಂಡರು, ಸಿಕ್ಕಿತು. ತಮಿಳರ ಹೆಂಗಸಿನ ಹಲ್ಲುನೋವು ಹೋಯಿತು. ಶುಕ್ರವಾರ ಶುಕ್ರವಾರ ದೀಪ, ಹೂವು, ಕೋಳಿ. ಮೇಲೆ ನೀರು ಹಾಕೋಕೆ ಹತ್ತುವುದಕ್ಕೆ ಇವರಿಗೆ ಸಮಯವೇ ಸಿಗದ ಹಾಗಾಯಿತು. ಎಲ್ಲರೂ ಕೈಮುಗಿದು ಕಣ್ಣು ಮುಚ್ಚೋರು. ಒಬ್ಬರೂ ತಲೆ ಎತ್ತಲಿಲ್ಲ, ಇವರು ಹೇಳಿದ ಹಾಗೆಯೇ. ಅತ್ತೆಯೂ ಹೋಗಿ ದೀಪ ಹಚ್ಚಿ ಬರತೊಡಗಿದರು. ನಾನು ಗೇಲಿ ಮಾಡಲಿಲ್ಲ. ಮುದುಕಿ ನಂಬಿದ್ದಾರೆ, ನಂಬಲಿ ಅಂದುಕೊಂಡೆ. ನಿಜ ತಿಳಿದರೆ ಅವರ ಬಾಯಿಯೂ ನನ್ನ ಬಾಯಿಯ ಹಾಗೇ, ಲೈನಿಗೆಲ್ಲ ಕೇಳುತ್ತದೆ ಅನ್ನೋ ಭಯ ಬೇರೆ.

ಹುತ್ತರಿ ಹಬ್ಬ ಕಳೆದು ಹಣ್ಣು ಕೊಯ್ಲು ಜೋರಾಗಿದ್ದಾಗ ಮಗಳಿಗೆ ಜ್ವರ ಬಂತು. ಮೊದಲ ದಿನ ಸುಮ್ಮನೆ ಮೈ ಬೆಚ್ಚಗಿತ್ತು. ಕಷಾಯ ಕುಡಿಸಿದೆ. ಸಂಜೆ ಕೊಯ್ಲಿನಿಂದ ಬರುವಷ್ಟರಲ್ಲಿ ಕೆಂಡ. ಕೆಮ್ಮು, ಪಕ್ಕೆ ಹೊಡೆದುಕೊಳ್ಳುತ್ತಿತ್ತು. ಲೈನಿನ ಹೆಂಗಸರೆಲ್ಲ ಬಾಗಿಲಲ್ಲಿ ನೆರೆದರು. "ತೋಟದಲ್ಲೇ ಗುಳಿಗನ್ನ ಇಟ್ಕೊಂಡು ಏನು ಯೋಚ್ನೆ? ಹೇಳ್ಕೊಳ್ಳಿ" ಅಂದಳು ತುಳುವಿನಾಕೆ. ಎಲ್ಲರೂ ನಮ್ಮ ಮುಖ ನೋಡುತ್ತಿದ್ದರು. ನಾವೇ ಇಟ್ಟ ದೇವರಿಗೆ ನಾವೇ ಹೋಗದಿದ್ದರೆ ಹೇಗೆ? ಅತ್ತೆ ಎದ್ದರು, ಮಗುವಿನ ತಲೆಗೆ ಅರಿಶಿನದ ಬಟ್ಟೆ ಮುಟ್ಟಿಸಿ, ಕಲ್ಲಿನ ಹತ್ತಿರ ಹೋಗಿ ಹರಕೆ ಕಟ್ಟಿ ಬಂದರು. ಹರಕೆ ಕಟ್ಟಿದ ಮೇಲೆ ಮೂರು ದಿನ ಮಗು ತೋಟದ ಗಡಿ ದಾಟಬಾರದು ಅಂದಳು ತುಳುವಿನಾಕೆ. ಅವಳ ಊರಲ್ಲಿ ಹಾಗಂತೆ.

ಮರುದಿನ ಬೆಳಿಗ್ಗೆ ಎಸ್ಟೇಟಿನ ರೈಟರ್ ಹಾಜರಿ ಕರೆಯಲು ಬಂದವರು ಮಗುವನ್ನು ನೋಡಿದರು. ಒಳ್ಳೆಯ ಮನುಷ್ಯ. "ಲಾರಿ ಮಡಿಕೇರಿಗೆ ಹೋಗ್ತಾ ಇದೆ, ಆಸ್ಪತ್ರೆ ಹತ್ರ ಇಳಿಸ್ತಾನೆ. ಹತ್ತಮ್ಮ" ಅಂದರು.

ಅತ್ತೆ ಬಾಗಿಲಿಗೆ ಅಡ್ಡ ನಿಂತು, "ಹರಕೆ ಕಟ್ಟೀವಿ ಸ್ವಾಮಿ, ಮೂರು ದಿನ ದಾಟಂಗಿಲ್ಲ" ಅಂದರು.

ರೈಟರ್ ನನ್ನ ಕಡೆ ತಿರುಗಿ, "ನೀನೇನಂತೀಯಮ್ಮ?" ಅಂದರು.

ಅಂಗಳದಲ್ಲಿ ಇಪ್ಪತ್ತು ಜನ. ಮೇಸ್ತ್ರಿ ಇದ್ದ. ಇವರು ಗೋಡೆಗೆ ಒರಗಿ ನಿಂತು ನೆಲ ನೋಡುತ್ತಿದ್ದರು. ನನ್ನ ತಲೆಯಲ್ಲಿ ಓಡುತ್ತಿದ್ದುದು ಇಷ್ಟೇ: ಆ ಕಲ್ಲು ದೇವರಲ್ಲ ಅಂದರೆ ಯಾಕೆ ಇಟ್ಟಿರಿ ಅಂತ ಕೇಳುತ್ತಾರೆ. ಯಾಕೆ ಅಂತ ಕೇಳಿದರೆ ಯಾರಾದರೂ ತಲೆ ಎತ್ತುತ್ತಾರೆ. ತಲೆ ಎತ್ತಿದರೆ ಇವರಿಗೆ ಜೈಲು, ನಮಗೆ ಲೈನಿನ ಮನೆ ಇಲ್ಲ. ಮಗುವಿಗೆ ಜ್ವರ ತಾನೆ, ಯಾವ ಮಗುವಿಗೆ ಬರುವುದಿಲ್ಲ. "ಅತ್ತೆ ಹೇಳಿದ ಹಾಗೆ" ಅಂದೆ. ರೈಟರ್ ಇನ್ನೊಂದು ಸಲ ಕೇಳಿದರು. ಇನ್ನೊಂದು ಸಲ ಅದನ್ನೇ ಅಂದೆ. ಲಾರಿ ಹೋಯಿತು.

ಆ ದಿನ ಇವರು ಒಳಗೆ ಬಂದು, "ಅಮ್ಮ ಅಷ್ಟೊಂದು ನಂಬಿದ್ದಾಳೆ, ಏನು ಮಾಡೋದು? ಎಂಟು ದಿನ ಕಳೆದ್ರೆ ಮೇಲಿನ ಗಿಡ ಕೊಯ್ದು ಮುಗಿಸಿಬಿಡ್ತೀನಿ" ಅಂದರು. ನಾನು ಹ್ಞೂಂ ಅಂದೆ. ಬೈಯಬೇಕು ಅನ್ನಿಸಲಿಲ್ಲ. ಮಗುವಿನ ಎದೆಗೆ ಎಣ್ಣೆ ತಿಕ್ಕುತ್ತಾ ಕೂತಿದ್ದೆ.

ಮೂರನೇ ದಿನ ಮಧ್ಯಾಹ್ನ ಉಸಿರು ಮೇಲಕ್ಕೇ ಸಿಕ್ಕಿಕೊಂಡಿತು. ಹರಕೆ ಗಿರಕೆ ಎಲ್ಲ ಮರೆತು ಇವರು ಮಗುವನ್ನು ಎತ್ತಿಕೊಂಡು ಓಡಿದರು, ಹಿಂದೆ ನಾನು. ಎರಡು ಮೈಲಿ. ಸುಂಟಿಕೊಪ್ಪದಲ್ಲಿ ಮಡಿಕೇರಿ ಬಸ್ಸು ಇನ್ನೂ ಬಂದಿರಲಿಲ್ಲ. ಅಂಗಡಿಯ ಬೆಂಚಿನ ಮೇಲೆ ಮಲಗಿಸಿದೆವು. ಅಂಗಡಿಯವನು ನೀರು ತಂದುಕೊಟ್ಟ. ಬಸ್ಸು ಬಂದಾಗ ಹತ್ತುವ ಅಗತ್ಯವಿರಲಿಲ್ಲ. ಕಂಡಕ್ಟರು, "ಬರ್ತೀರಾ ಇಲ್ವಾ?" ಅಂತ ಕೇಳಿದ. ಇಲ್ಲ ಅಂದೆ ನಾನು. ನನ್ನ ದನಿ ಸರಿಯಾಗಿಯೇ ಇತ್ತು.

ಹೇಗೆ ವಾಪಸು ನಡೆದೆವೋ ನೆನಪಿಲ್ಲ. ನೆನಪಿರುವುದು ಅಂಗಡಿಯಲ್ಲಿ ಬಾಳೆಗೊನೆ ತೂಗುಹಾಕಿದ್ದು, ಅದರಲ್ಲಿ ಎರಡು ಹಣ್ಣು ಕಪ್ಪಾಗಿದ್ದದ್ದು.

ಲೈನಿನವರು ಬಂದರು, ಅತ್ತರು. ಅತ್ತೆ ಎದೆ ಬಡಿದುಕೊಂಡು ಅತ್ತರು. ನನಗೆ ಅಳು ಬರಲಿಲ್ಲ. ದುಃಖ ಅಂತಲೂ ಅನ್ನಿಸಲಿಲ್ಲ, ಕೈಕಾಲು ನನ್ನವಲ್ಲ ಅನ್ನಿಸುತ್ತಿತ್ತು. ಗಡಿ ದಾಟಿಸಿದ್ದಕ್ಕೇ ಹೀಗಾಯ್ತು, ಇನ್ನೊಂದು ರಾತ್ರಿ ತಡೆದಿದ್ದರೆ ಗುಳಿಗ ಕೈಬಿಡುತ್ತಿರಲಿಲ್ಲ ಅಂದಳು ತುಳುವಿನಾಕೆ. ಅವಳದೇನೂ ತಪ್ಪಿಲ್ಲ. ಅವಳು ನಿಜವಾಗಿಯೂ ನಂಬಿದ್ದಳು. ನಾಲ್ಕನೇ ದಿನ ಬುಟ್ಟಿ ಕಟ್ಟಿಕೊಂಡು ಕೊಯ್ಲಿಗೆ ಹೋದೆ. ಆ ವಾರ ಎಲ್ಲರಿಗಿಂತ ಹೆಚ್ಚು ಹಣ್ಣು ಕೊಯ್ದಿದ್ದು ನಾನೇ ಅಂತ ಮೇಸ್ತ್ರಿ ಹೇಳಿದ.

ಇವರು ಆಮೇಲೆ ಆ ಅತ್ತಿಮರ ಹತ್ತಲಿಲ್ಲ. ಮೂರು ಗಿಡವೂ ಮೇಲೆಯೇ ಒಣಗಿದವು. ಯಾರಿಗೂ ಗೊತ್ತಾಗಲಿಲ್ಲ, ಅಬಕಾರಿಯವರೂ ಬರಲಿಲ್ಲ.

ಕೊಯ್ಲು ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ನಾನೂ ಅತ್ತೆಯೂ ಮನೆ ಮುಂದೆ ರಾಗಿ ಕೇರುತ್ತಾ ಕೂತಿದ್ದೆವು. ಜಗಳ ನಿಂತು ತಿಂಗಳ ಮೇಲಾಗಿತ್ತು. ಅವರು ಹೇಳಿದ್ದಕ್ಕೆಲ್ಲ ಆಯ್ತು ಅನ್ನುತ್ತಿದ್ದೆ. ಎದೆಯಲ್ಲಿ ಇಟ್ಟುಕೊಂಡಿರೋದು ಸಾಕಾಗಿ ಹೇಳಿಬಿಟ್ಟೆ. "ಅತ್ತೆ, ಅದು ಗುಳಿಗ ಅಲ್ಲ. ಹಳ್ಳದಿಂದ ನಾನೇ ತಂದ ಕಲ್ಲು. ಮೇಲೆ ಇವರು ಬಂಗಿ ಹಾಕಿದ್ರು."

ಅವರ ಮೊರ ನಿಲ್ಲಲಿಲ್ಲ. "ಗೊತ್ತು" ಅಂದರು.

"ಯಾವಾಗಿಂದ?"

"ಬಟ್ಟೆ ಬುಟ್ಟೀಲಿ ಕಲ್ಲು ಹೊತ್ಕೊಂಡು ಬಂದ್ಯಲ್ಲ, ಅವತ್ತಿಂದ. ಮಗ ಸಂಜೆ ಬಂದ್ರೆ ಮೈಯೆಲ್ಲ ಅದೇ ವಾಸ್ನೆ. ನನಗೇನು ಮೂಗಿಲ್ವಾ?"

"ಮತ್ತೆ ದೀಪ ಹಚ್ತಿದ್ರಿ?"

"ಮನೆಯವರೇ ಹಚ್ಚದಿದ್ರೆ ಜನಕ್ಕೆ ಅನುಮಾನ ಬರಲ್ವೇನೇ? ನನ್ನ ಮಗ ಒಳಗೆ ಹೋಗ್ಲಾ?"

ನನ್ನ ಕೈ ನಿಂತಿತು. "ಗೊತ್ತಿದ್ದೂ ಲಾರಿಗೆ ಅಡ್ಡ ನಿಂತ್ರಾ?" ಅಂದೆ. ಎಷ್ಟೋ ದಿನದ ಮೇಲೆ ಸಿಟ್ಟು ಬಂದಿತ್ತು, ಮೈ ಬಿಸಿಯಾಗಿತ್ತು.

ಅತ್ತೆ ಮೊರ ಕೆಳಗಿಟ್ಟರು. ಆಗ ಅವರ ಕಣ್ಣಲ್ಲಿ ನೀರಿರಲಿಲ್ಲ. ನನ್ನನ್ನು ನೋಡುತ್ತಿದ್ದರು.

"ಇಪ್ಪತ್ತು ಜನ ನಿಂತಿದ್ರು. ಹರಕೆ ಕಟ್ಟಿದೋಳು ನಾನು, ಬಾಯಲ್ಲಿ ಬೇಡ ಅನ್ಲೇಬೇಕಿತ್ತು. ನೀನು ಮಗು ಎತ್ಕೊಂಡು ನನ್ನ ತಳ್ಳಿ ಲಾರಿ ಹತ್ತಿದ್ರೆ ಮುಗೀತಿತ್ತು. ಅತ್ತೆ ಮಾತು ಮೀರಿದ ಸೊಸೆ ಅಂತ ಬೈತಾ ಕೂರ್ತಿದ್ದೆ. ಲೈನಿನವ್ರು ಹೌದು, ಅವಳು ಹಂಗೇ ಅಂತಿದ್ರು. ಕಲ್ಲಿನ ಸುದ್ದಿ ಯಾಕೆ ಬರ್ತಿತ್ತು? ನೀನು ಹತ್ತೇ ಹತ್ತುತ್ತೀಯ ಅಂತ್ಲೇ ನಾನು ಅಷ್ಟು ಜೋರಾಗಿ ಬೇಡ ಅಂದಿದ್ದು. ರೈಟರ್ ಎರಡನೇ ಸಲ ಕೇಳಿದಾಗ್ಲೂ ಕಾದೆ ಕಣೇ."

ಅವರು ಹೇಳಿದ್ದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ಮದುವೆಯಾಗಿ ಬಂದ ದಿನದಿಂದ ಅವರ ಒಂದು ಮಾತನ್ನೂ ಕೇಳಿದವಳಲ್ಲ ನಾನು. ಅವತ್ತು ಕೇಳಿದೆ.