ಹಾಲು ಕರೆಯುವ ಮುಂಚಿನ ಔಷಧಿ

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಕೋಲಾರದ ಚಿನ್ನದ ಗಣಿಯ ಊರಿಗಾಂ ಕಡೆಯ ಒಂದು ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ಗಂಡನ ಮನೆ ಬಂಗಾರಪೇಟೆ ಹತ್ತಿರದ ಹಳ್ಳಿ. ರಜಾ ಸಿಕ್ಕಾಗಲೆಲ್ಲ ರೈಲು ಹತ್ತಿ ಅಲ್ಲಿಗೆ ಹೋಗುತ್ತಿದ್ದೆವು. ಹಳ್ಳಿಯ ಮನೆಯಲ್ಲಿ ಅತ್ತೆ, ಭಾವ, ಓರಗಿತ್ತಿ, ಮತ್ತೆ ಸೀಮೆ ಹಸುಗಳು. ಹಸುಗಳನ್ನು ಕೊನೆಯಲ್ಲಿ ಹೇಳಿದೆನೆಂದು ಗೊತ್ತಾಗಿದ್ದರೆ ಅತ್ತೆ ಬೈಯುತ್ತಿದ್ದರು.

ಎದೆಯಲ್ಲಿ ಶುರುವಾದ ಕ್ಯಾನ್ಸರ್ ಅತ್ತೆಯ ಸೊಂಟದ ಮೂಳೆಗೆ ಇಳಿದಿತ್ತು. ವಾಸಿಯಾಗುವ ಮಾತಿಲ್ಲ ಎಂದು ಬೆಂಗಳೂರಿನ ಡಾಕ್ಟರು ಹೇಳಿ, ನೋವಿಗೆಂದು ಮಾರ್ಫಿನ್ ಔಷಧಿಯ ಬಾಟಲಿ ಕೊಟ್ಟು ಕಳಿಸಿದ್ದರು. ದಿನಕ್ಕೆ ಇಷ್ಟು ಸಲ, ಹೊತ್ತು ತಪ್ಪದೆ ಕೊಡಿ ಎಂದು ನಾನು ಓರಗಿತ್ತಿಗೆ ಬಿಡಿಸಿ ಹೇಳಿ ಕೆಲಸಕ್ಕೆ ವಾಪಸು ಹೋದೆ.

ಮುಂದಿನ ವಾರ ಬಂದು ನೋಡಿದರೆ ಅತ್ತೆ ಗೋಡೆಯ ಕಡೆ ತಿರುಗಿ, ಸೆರಗು ಕಚ್ಚಿಕೊಂಡು ಮಲಗಿದ್ದಾರೆ. ಬಾಟಲಿ ಎಲ್ಲಿ ಅಂದರೆ, ದೇವರ ಗೂಡಿನಲ್ಲಿ! ಅದಕ್ಕೊಂದು ಕುಂಕುಮದ ಬೊಟ್ಟು ಬೇರೆ. ಔಷಧಿ ಮೂರು ಬೆರಳಷ್ಟೂ ಇಳಿದಿರಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು. ಮೊದಲೇ ನನ್ನ ಬಾಯಿ ಜೋರು.

"ಬೈಬ್ಯಾಡಮ್ಮ," ಅಂದಳು ಓರಗಿತ್ತಿ. "ಈಗ್ಲೇ ಖಾಲಿ ಮಾಡ್ಬಿಟ್ರೆ ಮುಂದಕ್ಕೇನ್ ಕೊಡೋದು? ತಡೀಲಾರ್ದಷ್ಟು ನೋವು ಬಂದಾಗ ಕೊಡಾಣ ಅಂತ ಎತ್ತಿಟ್ಟಿದ್ದೆ."

ಅತ್ತೆ ಇತ್ತ ತಿರುಗದೆಯೇ ಹೇಳಿದರು, "ಅವಳನ್ಯಾಕೆ ಅಂತೀಯ? ನಾನೇ ಬ್ಯಾಡ ಅಂದಿದ್ದು. ಅದು ಕುಡುದ್ರೆ ಪ್ರಜ್ಞೆ ತಪ್ದಂಗೆ ಮಲಕ್ಕಂಡುಬಿಡ್ತೀನಿ. ಕಡಸು ಕರ ಆಕೋವಾಗ ನಾನು ಎದ್ದಿರ್ಬೇಕು."

ವಿಷಯ ಇದು. ಆ ಕಡಸು ಹುಟ್ಟಿದ ದಿನವೇ ಅದರ ತಾಯಿ ಸತ್ತಿತ್ತು. ಬಟ್ಟೆಯನ್ನು ಹಾಲಿನಲ್ಲಿ ಅದ್ದಿ ಚೀಪಿಸಿ ಸಾಕಿದವರು ಅತ್ತೆ. ಈಗ ಅದಕ್ಕೆ ಚೊಚ್ಚಲು, ದಿನ ತುಂಬಿತ್ತು. ತಾಯಿಗೆ ಆದದ್ದೇ ಮಗಳಿಗೂ ಆದರೆ ಎಂಬ ಹೆದರಿಕೆ ಅವರಿಗೆ. ತಮ್ಮ ಸಾವಿನ ಬಗ್ಗೆ ಅಷ್ಟು ತಲೆಕೆಡಿಸಿಕೊಂಡದ್ದನ್ನು ನಾನು ಕಾಣೆ.

ಏರಿದ ನೋವನ್ನು ಇಳಿಸುವುದಕ್ಕಿಂತ ಏರದಂತೆ ನೋಡಿಕೊಳ್ಳುವುದು ಸುಲಭ; ಔಷಧಿಯ ಮಂಪರೂ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಆಸ್ಪತ್ರೆಯಲ್ಲಿ ನನಗೆ ಹೇಳಿಕೊಟ್ಟದ್ದನ್ನು ಹಾಗೇ ಒಪ್ಪಿಸಿದರೆ ಅತ್ತೆ ಕೇಳುವ ಪೈಕಿಯಲ್ಲ. ಮಂಚದ ಪಕ್ಕ ಕೂತು ಕೇಳಿದೆ:

"ಅತ್ತಮ್ಮ, ಹಸು ಅರಚೋವರ್ಗೂ ಬಿಟ್ಟು ಆಮೇಲೆ ಹಾಲು ಕರೀತೀರಾ?"

"ಯಾವಳಾದ್ರೂ ಅಂಗ್ ಮಾಡ್ತಾಳಾ? ಕೆಚ್ಚಲು ಕಲ್ಲಾಗೋಯ್ತದೆ. ಮುಟ್ಟಕ್ಕೋದ್ರೆ ಒದೀತದೆ."

"ಮತ್ತೆ ನಿಮ್ಮ ನೋವನ್ನ ಮಾತ್ರ ಯಾಕೆ ಅರಚೋವರ್ಗೂ ಬಿಡ್ತೀರಾ?"

ಅತ್ತೆ ನಿಧಾನಕ್ಕೆ ಕತ್ತು ತಿರುಗಿಸಿ ನನ್ನನ್ನೇ ನೋಡಿದರು. "ನೀನು ಲಾಯರ್ ಆಗ್ಬೇಕಾಗಿತ್ತು ಕಣಮ್ಮ. ಆಯ್ತು, ಕೊಡು. ಸ್ವಲ್ಪ ದಿನ ನೋಡ್ತೀನಿ. ಆಮೇಲೂ ತೂಕಡಿಸ್ದ್ರೆ ಬಾಟ್ಲಿ ತಿಪ್ಪೆಗೆ."

ನಾನು ರಜಾ ಹಾಕಿದೆ. ಬಾಟಲಿ ಮುಗಿದರೆ ಬೆಂಗಳೂರಿನಿಂದ ಇನ್ನೊಂದು ತರೋಣ ಎಂದು ಓರಗಿತ್ತಿಗೆ ಧೈರ್ಯ ಹೇಳಿದೆ. ಓರಗಿತ್ತಿಗೆ ಗಡಿಯಾರ ನೋಡಲು ಬಾರದು. ಅದಕ್ಕೆ ಬೆಳಗಿನ ಹಾಲು ಕರೆಯುವ ಮುಂಚೆ ಒಂದು ಅಳತೆ, ಡೈರಿಯಿಂದ ಬಂದು ಹಸು ಬಿಡುವಾಗ ಒಂದು, ಹೀಗೆ ಅವಳ ಕೆಲಸಗಳಿಗೇ ಔಷಧಿಯನ್ನು ಗಂಟು ಹಾಕಿದೆ. ಮಲಗುವ ಮುಂಚೆ ಡಾಕ್ಟರು ಹೇಳಿದ್ದಂತೆ ಸ್ವಲ್ಪ ಜಾಸ್ತಿ. ಇದು ಹೊಟ್ಟೆ ಕಟ್ಟುವ ಔಷಧಿಯಾದ್ದರಿಂದ ಅದಕ್ಕೂ ಮದ್ದು ಕೊಟ್ಟು, ಆಯಿತೇ ಇಲ್ಲವೇ ಎಂದು ದಿನವೂ ವಿಚಾರಿಸುತ್ತಿದ್ದೆ. "ಓದಿರೋ ಸೊಸೆ ತಂದ್ರೆ ಇದೇ ಗತಿ," ಎಂದು ತಮ್ಮನ್ನು ನೋಡಲು ಬಂದವರಿಗೆಲ್ಲ ಅತ್ತೆ ಹೇಳುವರು.

ಮೊದಲೆರಡು ದಿನ ಮಾತ್ರ ಅವರು ನಿದ್ದೆಯೋ ನಿದ್ದೆ. ಎಷ್ಟು ರಾತ್ರಿಗಳ ಬಾಕಿಯೋ! ಓರಗಿತ್ತಿ ಆಗಾಗ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುವಳು. ಹೊರಗೆ ನಾನು ಭಾರಿ ಧೈರ್ಯಸ್ಥೆ, ಒಳಗೆ ಪುಕುಪುಕು. ಈ ಹೊತ್ತಿನಲ್ಲೇ ಕಡಸು ಕರು ಹಾಕಿದರೆ ನಾನು ಆ ಮನೆಯಲ್ಲಿ ಮತ್ತೆ ಮುಖ ಎತ್ತುವ ಹಾಗಿರಲಿಲ್ಲ. ಮೂರನೆಯ ದಿನ ಕಾಫಿ ಕಾಸುತ್ತಿದ್ದೆ, ನಡುಮನೆಯಿಂದ ಹಳೆಯ ದನಿ ಬಂತು:

"ಕಡಸಿಗೆ ಬೂಸಾ ಆಕಿದ್ರಾ, ಇಲ್ಲ ಎಲ್ರೂ ನನ್ ಮಕ ನೋಡ್ಕೊಂಡೇ ಕುಂತಿದ್ರಾ?"

ಆ ಬೈಗುಳ ಕೇಳಿ ನನಗಾದ ಖುಷಿ ಅಷ್ಟಿಷ್ಟಲ್ಲ. ಕಾಫಿ ಉಕ್ಕಿ ಒಲೆಗೆ ಬಿತ್ತು.

ಮತ್ತೆ ಕೆಲವೇ ದಿನ. ಒಂದು ಮಧ್ಯಾಹ್ನ ಕಡಸು ಮೇವು ಬಿಟ್ಟು, ಮಲಗುವುದು ಏಳುವುದು ಶುರು ಮಾಡಿತು. ಅಲುಗಾಡಿದರೆ ಅತ್ತೆಯ ಸೊಂಟ ಸುಮ್ಮನಿರುವುದಿಲ್ಲವಲ್ಲ, ಇಂಥ ಹೊತ್ತಿಗೆಂದು ಡಾಕ್ಟರು ಹೇಳಿದ್ದ ಅಳತೆಯನ್ನು ಮುಂಚೆಯೇ ಕುಡಿಸಿದೆ. ಅದು ಹಿಡಿಯುವವರೆಗೆ ಕಾದು, ಮಂಚದ ಸಮೇತ ಅವರನ್ನು ಕೊಟ್ಟಿಗೆಯ ಬಾಗಿಲಿಗೆ ಹೊತ್ತು ತಂದೆವು. ದಿಂಬಿಗೆ ಒರಗಿ ಕೂತದ್ದೇ ಅವರ ಯಜಮಾನಿಕೆ ಆರಂಭ. ಎರಡು ಗೊರಸು ಕಾಣಿಸಿದ ಕೂಡಲೇ ಭಾವ ಕೈ ಹಾಕಲು ಹೋದರು.

"ಏಯ್, ಎಳೀಬ್ಯಾಡ್ಲಾ! ಅದು ತಿಣುಕ್ದಾಗ ಮಾತ್ರ ಇಡ್ಕೊ. ಬಿಟ್ಟಾಗ ನೀನೂ ಬಿಡು."

ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಕೂಗಿದಳು, "ಯಾಕಕ್ಕಾ ಈಚೆಗ್ ಬಂದೆ? ನೋವಿಲ್ವಾ?"

"ಇವತ್ತು ನೋವು ಅಸೂಗೆ ಕಣಮ್ಮ, ನನಗಲ್ಲ."

ಎಲ್ಲರೂ ನಕ್ಕರು. ನಾನು ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡೆ. ಹೊತ್ತು ಮುಳುಗುವ ಮುಂಚೆ ಹೆಣ್ಣು ಕರು ಬಿತ್ತು. ತಾಯಿ ಎದ್ದು ನಿಂತು ಅದನ್ನು ನೆಕ್ಕುವವರೆಗೆ ಅತ್ತೆ ರೆಪ್ಪೆ ಬಡಿಯಲಿಲ್ಲ.

ಮಾರನೆಯ ದಿನ ನಾವು ಬೆಲ್ಲ ಏಲಕ್ಕಿ ಹಾಕಿ ಕಾಸಿದ ಗಿಣ್ಣನ್ನು ನೆರೆಮನೆಗಳಿಗೆಲ್ಲ ಅತ್ತೆಯೇ ಮಂಚದ ಮೇಲೆ ಕೂತು ಹಂಚಿದರು. ಮೊದಲ ತುಂಡು ನನ್ನ ಬಾಯಿಗೆ. "ತಿನ್ನಮ್ಮ ಲಾಯರಮ್ಮ," ಅಂದರು.

ಆಮೇಲೆ ಬದುಕಿದ್ದಷ್ಟೂ ದಿನ ಬೆಳಗಿನ ಕರೆಯುವ ಸದ್ದು ಕೇಳುತ್ತಾ, ಹಾಲು ಎಷ್ಟಾಯಿತೆಂದು ವಿಚಾರಿಸುತ್ತಾ ಇದ್ದರು. ಕಡೆಯ ದಿನಗಳಿಗೆ ನಾನು ಮತ್ತೆ ರಜಾ ಹಾಕಿ ಬಂದಿದ್ದೆ. ಒಂದು ಬೆಳಿಗ್ಗೆ ಓರಗಿತ್ತಿ ಔಷಧಿ ಕುಡಿಸಿ ಕೊಟ್ಟಿಗೆಗೆ ಹೋದಳು. ನೊರೆಹಾಲಿನ ಚೊಂಬು ತೋರಿಸಲು ಒಳಗೆ ಬಂದಾಗ ಅತ್ತೆಯ ಉಸಿರು ನಿಂತಿತ್ತು. ಸೆರಗು ಬಾಯಲ್ಲಿರಲಿಲ್ಲ, ಮುಖ ಬಾಗಿಲ ಕಡೆಗಿತ್ತು.

ಎಲ್ಲ ಮುಗಿದ ಮೇಲೆ ಉಳಿದ ಔಷಧಿಯನ್ನು ವಾಪಸು ಕೊಡಬೇಕೆಂದು ಬಾಟಲಿ ಕೇಳಿದೆ. ಓರಗಿತ್ತಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಖಾಲಿ ಆಗ್ಬಿಡ್ತದೆ ಅಂತ ಎತ್ತಿಡ್ತಿದ್ನಲ್ಲಮ್ಮ," ಅಂದಳು. "ನೋಡು, ಇನ್ನೂ ಉಳ್ಕೊಂಡದೆ."

ಅಲ್ಲಿಯವರೆಗೆ ಅಳದಿದ್ದವಳು ಆಗ ಅತ್ತಳು.