ರಾಣಿಗೆ ಗೊತ್ತಿಲ್ಲದ ಸುದ್ದಿ

ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಮ್ಮ ಮಮದಾಪುರಕ್ಕೆ ನಾಟಕ ಕಲಿಸಲು ಹುಕ್ಕೇರಿ ಕಡೆಯ ಮಾಸ್ತರರೊಬ್ಬರು ಬರುತ್ತಿದ್ದರು. ತಾಲೀಮು ರಂಗೇರಿದಾಗಲೇ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಫಟ್ಟನೆ ಹೊಡೆಯುತ್ತಿದ್ದರು. ಎತ್ತಿದ ಕತ್ತಿ ಎತ್ತಿದಂತೆಯೇ ನಿಲ್ಲಬೇಕು. ಒಬ್ಬೊಬ್ಬರ ಮುಂದೆಯೂ ಬಂದು, ಕತ್ತು ಓರೆ ಮಾಡಿ ಕೇಳುತ್ತಿದ್ದರು: "ಈಗ ನಿನ್ನ ಕೈಯಾಗ ಏನೈತಿ? ನಿನಗ ಏನೇನ ಗೊತ್ತೈತಿ?" ಉತ್ತರ ಸರಿಯಾದರೆ ಮಾತ್ರ ಮುಂದಿನ ಮಾತು.

ರಾಣಿಯ ಪಾತ್ರ ನನ್ನದು. ರಾಜ ಯುದ್ಧದಲ್ಲಿ ಸಾಯುವುದು ಜನರ ಕಣ್ಣೆದುರೇ ನಡೆಯುತ್ತಿತ್ತು. ಆಮೇಲೆ ದೂತ ಬಂದು ಹೇಳಿದಾಗ ನಾನು ಎಷ್ಟು ಗೋಳಾಡಿದರೂ ತಾಲೀಮು ನೋಡಲು ಬಂದವರು ಆಕಳಿಸುತ್ತಿದ್ದರು. ಎಲ್ಲಿ ಕೆಟ್ಟಿದೆಯೆಂದು ಹುಡುಕುತ್ತ ಮಾಸ್ತರರು ಮೊದಲಿನಿಂದ ಒಂದೊಂದೇ ಮಾತಿಗೆ ನಿಲ್ಲಿಸುತ್ತ ಬಂದರು. ದೂತ ಬರುವ ಮೊದಲೇ, ನಾನು ಗಂಡನಿಗೆಂದು ಹೂಮಾಲೆ ಕಟ್ಟುತ್ತಿದ್ದಾಗ, ಫಟ್!

"ಮಾರಿ ಯಾಕ ಸಪ್ಪಗೈತಿ?"

"ರಾಜಾ ಸತ್ತಾನಲ್ರಿ."

"ಅದು ನಿನಗ ಗೊತ್ತೈತಿ. ರಾಣಿಗೆ ಎಲ್ಲಿ ಗೊತ್ತೈತಿ?"

ನಾಟಕದ ದಿನ ನಾನು ಹಾಡು ಗುನುಗುತ್ತ, ನನ್ನಷ್ಟಕ್ಕೆ ನಗುತ್ತ ಮಾಲೆ ಕಟ್ಟಿದೆ. ದೂತ ಇನ್ನೂ ಪರದೆಯ ಹಿಂದೆಯೇ ಇದ್ದ. ಮುಂದೆ ಕುಳಿತ ಹೆಂಗಸರು ಆಗಲೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.