ಹೆಬ್ಬಾವಿನ ಗೂಡಿಗೂ ಅಮೆ ಉಂಟು

ನಾಗರಪಂಚಮಿಯ ನಸುಕು. ಶಕ್ತಿನಗರದಾಚೆಯ ಗುಡ್ಡದ ಮೃಗಾಲಯದಲ್ಲಿ ಶೀನಪ್ಪ ಶೆಟ್ಟಿ ಹೆಬ್ಬಾವಿನ ಗೂಡಿಗೆ ಮಳೆಯ ಇರಚಲು ಹೊಡೆಯದಂತೆ ಜಾಲರಿಗೆ ಗೋಣಿ ಕಟ್ಟುತ್ತಿದ್ದಾರೆ. ಒಳಗೆ ಒಣ ಎಲೆಗಳ ಮೇಲೆ ಸುರುಳಿ ಸುತ್ತಿರುವ ಹಾವು ಬೇಸಿಗೆ ಮುಗಿಸುವ ಪತ್ತನಾಜೆ ಕಳೆದ ಮೇಲೆ ಏನೂ ತಿಂದಿಲ್ಲ. ಸುರುಳಿಯೊಳಗೆ ಹದಿನೆಂಟು ಮೊಟ್ಟೆಗಳಿವೆ. ಚಳಿ ಹೆಚ್ಚಿದಾಗ ಅದು ಮೈ ನಡುಗಿಸಿ ಕಾವು ಕೊಡುತ್ತದೆ.

ಕಳೆದ ವರ್ಷವೂ ಮೊಟ್ಟೆಗಳಿದ್ದವು. ಪಂಚಮಿಯಂದು ಭಕ್ತರು ಜಾಲರಿಯ ಹೊರಗಿನಿಂದಲೇ ನಾಗನಿಗೆಂದು ಹಾಲು, ಎಳನೀರಿನ ತನು ಎರೆದರು. ನೆನೆದ ಹಾವು ಮೂಲೆ ಸೇರಿತು, ಮೊಟ್ಟೆಗಳಿಗೆ ಬೂಸಲು ಹಿಡಿಯಿತು. ಘಟ್ಟದ ಕಾಡಿಗೆ ಮರಿ ಬಿಡುವ ಯೋಜನೆ ಆ ವರ್ಷ ನಿಂತುಹೋಯಿತು. ಈ ಸಲವೂ ಕೆಟ್ಟರೆ ಹಾವು ಬೇರೆ ಊರಿನ ಮೃಗಾಲಯದ ಪಾಲು ಎಂದು ಮೇಲಿನವರು ಹೇಳಿದ್ದಾರೆ.

ಶೀನಪ್ಪನವರದು ಗದ್ದೆಗಳನ್ನು ಗೇಣಿಗೆ ಕೊಟ್ಟಿದ್ದ ಕುಟುಂಬ. ಭೂಸುಧಾರಣೆಯಲ್ಲಿ ಗದ್ದೆ ಹೋದ ಮೇಲೆ ಅಣ್ಣಂದಿರು ಬೊಂಬಾಯಿಯಲ್ಲಿ ಹೋಟೆಲು ಹಿಡಿದರು. ಇವರು ಬಿಜೈಯಲ್ಲಿ ಬಾಡಿಗೆ ಮನೆ ಮಾಡಿ ಗೂಡು ತೊಳೆಯುವ ಕೆಲಸಕ್ಕೆ ಸೇರಿದರು. "ಸಾಂಬಾರಿಗೆ ಉಪ್ಪಿಲ್ಲ ಅಂತ ಇಲ್ಲಿ ಯಾರೂ ಬೈಯುವುದಿಲ್ಲ ಮಾರಾಯ್ರೆ," ಎನ್ನುತ್ತಾರೆ.

ಬಾಗಿಲು ತೆರೆದೊಡನೆ ತಂಬಿಗೆ ಹಿಡಿದು ಬರುವವರು ಅರ್ಚಕರ ಮನೆಯ ಪಂಕಜಾಕ್ಷಿ. ಶೀನಪ್ಪ ಅಡ್ಡ ನಿಲ್ಲುತ್ತಾರೆ.

"ಇಲ್ಲಿ ಅಮೆ ಉಂಟು ಅಮ್ಮ."

"ಎಂತ? ಹಾವಿಗೆ ಅಮೆಯಾ?"

"ಹೆರಿಗೆಯ ಸೂತಕ ಇರುವ ಮನೆಯಲ್ಲಿ ನೀವು ಪೂಜೆ ಮಾಡ್ತೀರಾ?"

"ಮೊಟ್ಟೆ ಇಟ್ಟು ಎರಡು ತಿಂಗಳಾಯ್ತಲ್ಲ ಶೆಟ್ರೆ?"

"ಹೆರಿಗೆ ಮುಗಿಯಲಿಲ್ಲ ಅಮ್ಮ. ಮರಿ ಹೊರಗೆ ಬರಬೇಡವಾ? ಬಾಣಂತಿಯ ಮೈಮೇಲೆ ತಣ್ಣನೆ ಹಾಲು ಹೊಯ್ದರೆ ಹೇಗೆ?"

ಪಂಕಜಾಕ್ಷಿ ನಕ್ಕುಬಿಡುತ್ತಾರೆ. ಮಡಿ-ಮೈಲಿಗೆಯ ಮಾತು ಅವರಿಗೆ ಬೇಗ ಹಿಡಿಸುತ್ತದೆ. ತಂಬಿಗೆ ಕೆಳಗಿಟ್ಟು, ಗೇಟಿನ ಬಳಿಯೇ ಕೊಡೆ ಹಿಡಿದು ನಿಂತು, ಬಂದವರನ್ನೆಲ್ಲ ತಿರುಗಿಸುತ್ತಾರೆ: "ಒಳಗೆ ಅಮೆ ಉಂಟು. ತನು ನಾಗಬನದಲ್ಲಿ ಹಾಕಿ." ಅರ್ಚಕರ ಮನೆಯವರ ಮಾತಿಗೆ ಯಾರೂ ಎದುರಾಡುವುದಿಲ್ಲ. ಸಂಜೆಯವರೆಗೆ ಗೂಡಿಗೆ ಒಂದು ಹನಿ ಬೀಳುವುದಿಲ್ಲ.

ಅಂದು ಶೀನಪ್ಪನವರ ಕುಟುಂಬದ ಬನದಲ್ಲೂ ತನು ಇತ್ತು. ಅವರು ಹೋಗಲಿಲ್ಲ. "ಹೆಬ್ಬಾವು ಹೆತ್ತರೆ ಇವರಿಗೂ ಅಮೆ!" ಎಂದು ಹೆಂಡತಿ ಕುಶಲಾ ಕುಟುಕುತ್ತಾರೆ.

ವಾರದೊಳಗೆ ಮೊದಲ ಮೊಟ್ಟೆ ಸೀಳುತ್ತದೆ. ಹೊರಗಿಣುಕುವುದು ಹೆಬ್ಬೆರಳಿಗಿಂತ ಚಿಕ್ಕ ಮೂತಿ. ಬುತ್ತಿ ತಂದ ಕುಶಲಾ ಗೋಣಿಯ ಸಂದಿನಿಂದ ನೋಡುತ್ತಾರೆ.

"ಇನ್ನಾದರೂ ಅಮೆ ಕಳೆಯಿತಾ?"

"ಮರಿಗಳು ಕಾಡು ಸೇರಲಿ. ಅವನ್ನು ಒಯ್ಯುವ ಜೀಪಿನಲ್ಲಿ ನನಗೊಂದು ಸೀಟು ಸಿಕ್ಕಿದರೆ ಸಾಕು. ಬರುವ ಪಂಚಮಿಗೆ ಬನಕ್ಕೆ ಹೋಗುವ."

"ಇದು ಮತ್ತೆ ಮೊಟ್ಟೆ ಇಟ್ಟರೆ?"

ಶೀನಪ್ಪ ಸಡಿಲಾದ ಗೋಣಿಯನ್ನು ಬಿಗಿದು ಕಟ್ಟುತ್ತಾರೆ.

"ಮತ್ತೆ ಅಮೆಯೇ."